ಒಂದೂವರೆ ನಿಮಿಷದ ಬಿಡುವು

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಮಾತನ್ನು ತುಂಡು ತುಂಡು ಮಾಡಿ ಆಡುವ ಅಭ್ಯಾಸ. ಬೆಳಿಗ್ಗೆ ಕಾಫಿ ಕುಡಿಯುವಾಗ ಇವರು, "ನಮ್ಮ ಸೊಸೈಟಿಗೆ ಹೊಸ ಅಧ್ಯಕ್ಷರು ಬಂದ್ರಲ್ಲ..." ಎಂದು ಶುರುಮಾಡಿ ಸ್ನಾನಕ್ಕೆ ಹೋಗಿಬಿಡುತ್ತಾರೆ. ಟವಲ್ ಸುತ್ತಿಕೊಂಡು ಹೊರಗೆ ಬಂದು, "ಭಾರೀ ಮುಂಗೋಪಿ ಅಂತೆ" ಎನ್ನುತ್ತಾರೆ. ಆ ಮುಂಗೋಪಿ ಏನು ಮಾಡಿದರು ಎನ್ನುವುದು ನನಗೆ ಗೊತ್ತಾಗುವುದು ಇವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ. ನಾನೂ ಕಡಿಮೆಯಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಆರಂಭಿಸಿದ ಸಂಗತಿಯನ್ನು ಊಟದ ತಟ್ಟೆ ತೊಳೆಯುವಾಗ ಮುಗಿಸುತ್ತೇನೆ. ನಮ್ಮ ಮಗಳು ಸಿಂಚನಳಿಗೆ ಇದನ್ನು ಕಂಡರೆ ತಲೆ ಚಿಟ್ಟು.

"ನೀವಿಬ್ರೂ ಒಂದ್ಸಲನಾದ್ರೂ ಒಂದು ವಿಷಯನ ಪೂರ್ತಿ ಹೇಳ್ತೀರೇನಮ್ಮ?" ಎಂದು ಮೊನ್ನೆ ರೇಗಿದಳು.

"ಅದು ನಾಲೆ ಏರಿಯಲ್ಲಿ ಹತ್ತಿದ ಚಟ ಕಣೇ" ಎಂದೆ.

"ಯಾವ ನಾಲೆ?" ಎಂದಳು. ಅಷ್ಟರಲ್ಲಿ ಹಾಲು ಉಕ್ಕಿತು. ನಾನು ಒಳಗೆ ಓಡಿದೆ. ಅವಳಿಗೆ ಹೇಳದೆ ಉಳಿದದ್ದನ್ನು ನಿಮ್ಮ ಮುಂದೆ ಹೇಳುತ್ತೇನೆ. ಇಲ್ಲಿ ಒಲೆಯ ಮೇಲೆ ಏನೂ ಇಲ್ಲ.

ನನ್ನ ಮದುವೆಯಾದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ನಾನು ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಗಂಡನ ಮನೆಯೂ ಅದೇ ಊರು. ಕೆಲಸ ಬಿಡಬೇಕಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಈ ಸಂಬಂಧಕ್ಕೆ ಹೂಂ ಅಂದಿದ್ದೆ. ಇವರು, ಅಂದರೆ ರಾಜಶೇಖರ, ಮನೆಯವರ ಬಾಯಲ್ಲಿ ರಾಜು, ಒಂದು ಸಹಕಾರ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮ ಮಾವ ಪೊಲೀಸ್ ಇಲಾಖೆಯಲ್ಲಿ ದಫೇದಾರರಾಗಿ, ಅಂದರೆ ಹೆಡ್ ಕಾನ್‌ಸ್ಟೇಬಲ್ ಆಗಿ, ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಊರಿಗೆಲ್ಲ ಅವರು ದಫೇದಾರ್ರೇ. ಮನೆಯಲ್ಲಿ ಅತ್ತೆ, ಮಾವ, ಮದುವೆಯಾಗಬೇಕಿದ್ದ ನಾದಿನಿ ಮತ್ತು ನಾವಿಬ್ಬರು.

ಹಳೆಯ ಹೆಂಚಿನ ಮನೆ ಅದು. ನಮ್ಮ ಕೋಣೆಗೂ ನಡುಮನೆಗೂ ಮಧ್ಯೆ ಇದ್ದ ಗೋಡೆ ಸೂರಿನವರೆಗೆ ಮುಟ್ಟುತ್ತಿರಲಿಲ್ಲ. ಮೇಲೆ ಎರಡು ಅಡಿ ಖಾಲಿ. ಈ ಕಡೆ ಪಿಸುಗುಟ್ಟಿದರೆ ಆ ಕಡೆ ಮಲಗಿದ್ದ ಮಾವ ಕೆಮ್ಮುತ್ತಿದ್ದರು. ಅವರಿಗೆ ನಿಜವಾಗಿ ಕೆಮ್ಮಿತ್ತೋ, ಅದು ಇಲಾಖೆಯ ಎಚ್ಚರಿಕೆಯೋ ನನಗೆ ಕೊನೆಗೂ ತಿಳಿಯಲಿಲ್ಲ. ಮದುವೆಯಾಗಿ ಎರಡು ತಿಂಗಳಾದರೂ ನಾವಿಬ್ಬರು ಆಡಿದ್ದ ಮಾತನ್ನೆಲ್ಲ ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದಿದ್ದರೆ ಇನ್ನೂ ಜಾಗ ಉಳಿಯುತ್ತಿತ್ತು.

ಆ ವರ್ಷ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಅರ್ಜಿ ಕರೆದರು. ಇವರು ಅದಕ್ಕೆ ಮೊದಲು ಎರಡು ಸಲ ಹೋಗಿ, ಎರಡು ಸಲವೂ ಓಟದಲ್ಲೇ ಬಿದ್ದಿದ್ದರು. ಸಾವಿರದ ಆರುನೂರು ಮೀಟರ್, ನಮ್ಮ ಜನ ಹೇಳುವ ಹಾಗೆ ಒಂದು ಮೈಲಿ, ಏಳು ನಿಮಿಷದೊಳಗೆ ಓಡಬೇಕು. ಓಡದಿದ್ದರೆ ಬರವಣಿಗೆಯ ಪರೀಕ್ಷೆಗೆ ಕರೆಯುವುದೇ ಇಲ್ಲ. ಇವರಿಗೆ ವಯಸ್ಸಿನ ಮಿತಿ ಮುಗಿಯುತ್ತಿದ್ದುದರಿಂದ ಇದೇ ಕೊನೆಯ ಅವಕಾಶ. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅತ್ತೆ ಮಾತ್ರ ಮಗನಿಗೆ ದಿನವೂ ಎರಡು ಮೊಟ್ಟೆ ಬೇಯಿಸಿಡಲು ಶುರುಮಾಡಿದರು.

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಚಿಕ್ಕಣ್ಣನವರ ಹತ್ತಿರ ಈ ವಿಷಯ ಎತ್ತಿದೆ. ಅವರು ಹೇಳಿದ್ದು ಇಷ್ಟು. "ದಿನಾ ಮೈಲಿ ಮೈಲಿ ಓಡ್ಸಿ ಸಾಯಿಸ್ಬೇಡಿ ಮೇಡಂ. ನಾನೂರು ಮೀಟರ್ ಜೋರಾಗಿ ಓಡ್ಲಿ, ಒಂದೂವರೆ ನಿಮಿಷ ಬಿಡುವು. ತಿರ್ಗಾ ನಾನೂರು. ಇಂಗೆ ನಾಕ್ ಸಲ. ನಾಕರ ಸರಾಸರಿ ತೆಗ್ದು ನಾಕರಿಂದ ಗುಣಿಸಿ, ಮೇಲೊಂದು ಹದಿನೈದು ಸೆಕೆಂಡ್ ಸೇರ್ಸಿ. ಮೈಲಿ ಎಷ್ಟೊತ್ತಿಗೆ ಓಡ್ತಾರೆ ಅಂತ ಗೊತ್ತಾಗ್ಬುಡುತ್ತೆ."

ಗುಣಾಕಾರ, ಸರಾಸರಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಓಟಕ್ಕೂ ನನಗೂ ಅದುವರೆಗೆ ಯಾವ ಸಂಬಂಧವೂ ಇರಲಿಲ್ಲ. ನಾನು ಬೆಳೆದದ್ದು ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲಿ. ಸ್ಕೂಲ್ ಡೇ ಓಟದಲ್ಲಿ ನನ್ನನ್ನು ಯಾವಾಗಲೂ ಗೆರೆಯ ಹತ್ತಿರ ದಾರ ಹಿಡಿಯಲು ನಿಲ್ಲಿಸುತ್ತಿದ್ದರು. ಒಮ್ಮೆ ನಿಂಬೆಹಣ್ಣಿನ ಓಟದಲ್ಲಿ ಹಣ್ಣು ಬೀಳಬಾರದು ಎಂದು ಎಷ್ಟು ಜೋಪಾನವಾಗಿ ನಡೆದೆ ಎಂದರೆ, ನಾನು ಮುಟ್ಟುವ ಹೊತ್ತಿಗೆ ಬಹುಮಾನ ಕೊಟ್ಟು ಮೈದಾನದಲ್ಲಿ ಮುಂದಿನ ಓಟ ಶುರುವಾಗಿತ್ತು. ಹಾಗಾಗಿ ಓಡದೆಯೇ ಓಟವನ್ನು ಲೆಕ್ಕಹಾಕಬಹುದು ಎನ್ನುವುದು ನನಗೆ ಬಹಳ ಹಿಡಿಸಿತು. ಭೌತಶಾಸ್ತ್ರದ ಲ್ಯಾಬಿನಲ್ಲಿ ಲೋಲಕದ ಪ್ರಯೋಗಕ್ಕೆಂದು ಇಟ್ಟಿದ್ದ ಸ್ಟಾಪ್‌ವಾಚನ್ನು ಹೆಡ್‌ಮಾಸ್ಟರ ಅನುಮತಿ ಕೇಳಿ ಮನೆಗೆ ತಂದೆ.

ಗಡಿಯಾರ ಹಿಡಿಯುವವರು ಯಾರು ಎಂಬ ಪ್ರಶ್ನೆ ಬಂತು. ಮಾವ ತಾವೇ ಹೋಗುತ್ತಿದ್ದರೇನೋ. ಆದರೆ ಮಂಡಿ ನೋವು. ನಾದಿನಿ ಏಳುವುದೇ ಏಳು ಗಂಟೆಗೆ.

"ಓಗವ್ವ, ನೀನೇ ಇಡ್ಕೊ" ಎಂದರು ಮಾವ. "ಲೆಕ್ಕದ ಮೇಷ್ಟ್ರಮ್ಮ ಅಲ್ವಾ ನೀನು."

ಅತ್ತೆಗೆ ಇಷ್ಟವಿರಲಿಲ್ಲ. "ಒಸಾ ಸೊಸೆ ಬೆಳಕರಿಯೋ ಮುಂಚೆ ನಾಲೆ ತಾವ ಓಯ್ತಾಳೆ ಅಂದ್ರೆ ಜನ ಏನಂದಾರು?" ಎಂದರು. ಮಾವ ಒಮ್ಮೆ ಕೆಮ್ಮಿದರು. ಮಾತು ಅಲ್ಲಿಗೆ ಮುಗಿಯಿತು.

ಊರಾಚೆಯ ನಾಲೆ ಏರಿಯ ಮೇಲೆ ಜೀಪು ಹೋಗುವಷ್ಟು ಅಗಲದ ಮಣ್ಣಿನ ದಾರಿ ಇತ್ತು. ಅದರ ಪಕ್ಕದಲ್ಲಿ ದೂರ ಬರೆದ ಗುರುತಿನ ಕಲ್ಲುಗಳು. ಅಂಥ ಕಲ್ಲುಗಳ ಮೇಲೆ ಕೂತೇ ನಾನು ದೊಡ್ಡವಳಾದದ್ದು. ಅಪ್ಪ ನಾಲೆ ತಪಾಸಣೆಗೆ ಹೋಗುವಾಗ ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋಗಿ, ಒಂದು ಕಲ್ಲಿನ ಮೇಲೆ ಇಳಿಸಿ ಕೈಗೆ ಕಡಲೆಕಾಯಿ ಕೊಡುತ್ತಿದ್ದರು. ಅದು ಮುಗಿಯುವುದರೊಳಗೆ ಅವರು ವಾಪಸು ಬರಬೇಕು ಎನ್ನುವುದು ನಮ್ಮಿಬ್ಬರ ಒಪ್ಪಂದ. ಈಗ ಇಲ್ಲಿ ಇನ್ನೂರು ಮೀಟರ್ ಅಂತರದ ಎರಡು ಕಲ್ಲುಗಳನ್ನು ಗುರುತು ಮಾಡಿಕೊಂಡೆವು. ಹೋಗಿ ಬಂದರೆ ನಾನೂರು. ನಾನು ಒಂದು ಕಲ್ಲಿನ ಮೇಲೆ ಶಾಲು ಹೊದ್ದು ಕೂರುವುದು, ಇವರು ಅಲ್ಲಿಂದ ಹೊರಟು ಅಲ್ಲಿಗೇ ಬಂದು ಮುಟ್ಟುವುದು.

ಮೊದಲ ದಿನ ಬಿಡುವಿನಲ್ಲಿ ಇವರು ಆಡಿದ್ದು ಒಂದೇ ಮಾತು. "ಎಷ್ಟಾಯ್ತು?" ನಾನು ಹೇಳಿದೆ. ಇವರು ಮುಖ ಹುಳ್ಳಗೆ ಮಾಡಿಕೊಂಡು ಮತ್ತೆ ಓಡಿದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ನಾನು ಧೈರ್ಯ ಮಾಡಿ ಕೇಳಿದೆ.

"ನಿಮಗೆ ಬೆಂಡೆಕಾಯಿ ಸೇರಲ್ವಾ? ತಟ್ಟೆ ಅಂಚಿಗೆ ತಳ್ಳಿಬಿಡ್ತೀರಲ್ಲ."

ಇವರು ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತ ಸುತ್ತಲೂ ನೋಡಿದರು. ನಾಲೆಯಲ್ಲಿ ನೀರು ಹರಿಯುತ್ತಿತ್ತು. ದೂರದಲ್ಲಿ ಒಬ್ಬ ಎತ್ತು ಹೊಡೆದುಕೊಂಡು ಬರುತ್ತಿದ್ದ. ಕೆಮ್ಮುವವರು ಯಾರೂ ಇರಲಿಲ್ಲ.

"ಬೆಂಡೆಕಾಯಿ ಸೇರುತ್ತೆ" ಎಂದರು. "ಅವ್ವ ಮಾಡೋದು ಸೇರಲ್ಲ."

ನಾನು ನಗು ತಡೆಯಲಾರದೆ ಶಾಲಿನಲ್ಲಿ ಮುಖ ಮುಚ್ಚಿಕೊಂಡೆ. ಇವರೂ ನಕ್ಕರು. ಅಲ್ಲಿಂದ ಶುರುವಾಯಿತು. ಓಟ, ಮಾತು, ಓಟ, ಮಾತು. ಸೊಸೈಟಿಯಲ್ಲಿ ಯಾರು ಎಂಥವರು, ನಾನು ನೋಡಿದ ಅಣೆಕಟ್ಟಿನ ಗೇಟು ತೆಗೆಯುವ ದಿನದ ಸದ್ದು, ಹೆಣ್ಣು ನೋಡಲು ಬಂದ ದಿನ ಇವರು ಉಪ್ಪಿಟ್ಟನ್ನು ಏಕೆ ಮುಟ್ಟಲಿಲ್ಲ, ಹೀಗೆ. ಎತ್ತಿನವನಿಗೂ ನಮ್ಮ ಪರಿಚಯವಾಯಿತು. "ಏನ್ ಮೇಡಮ್ಮೋರೆ, ಯಜಮಾನ್ರುನ್ನ ಓಡಾಕ್ ಬುಟ್ಟು ನೀವು ಕುಂತ್ಕಂಡಿದೀರಾ?" ಎಂದು ದಿನವೂ ಅದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಮೊದಲ ಓಟ ಮುಗಿಸಿ ಬಂದು ಇವರು ತಾವಾಗಿಯೇ ಹೇಳಿದರು. "ನಂಗೆ ಪೊಲೀಸ್ ಆಗ್ಬೇಕು ಅಂತ ಏನೂ ಇರ್ಲಿಲ್ಲ ಪದ್ಮ."

"ಮತ್ತೆ?"

"ನಾನು ಹತ್ತು ವರ್ಷದವನಿದ್ದಾಗ ಅಪ್ಪಂಗೆ ಬುತ್ತಿ ಕೊಡಕ್ಕೆ ಠಾಣೆಗೆ ಹೋಗಿದ್ದೆ." ಅಷ್ಟು ಹೇಳಿ ಎದ್ದು ಎರಡನೆಯ ಓಟಕ್ಕೆ ಹೊರಟುಬಿಟ್ಟರು.

ನಾನು ಕಲ್ಲಿನ ಮೇಲೆ ಚಡಪಡಿಸಿದೆ. ಬಂದ ಮೇಲೆ ಉಸಿರು ತಿರುಗುವವರೆಗೆ ಕಾದೆ. "ಅಪ್ಪನ ಅರ್ಧ ವಯಸ್ಸಿನ ಸಬ್ ಇನ್ಸ್‌ಪೆಕ್ಟರ್ ಒಬ್ಬ. ಅಪ್ಪನ್ನ ನಿಲ್ಲಿಸ್ಕೊಂಡು ಬೈತಿದ್ದ. ಬಾಯಿಗೆ ಬಂದಂಗೆ. ನಾನು ಬಾಗಿಲಲ್ಲಿ ಬುತ್ತಿ ಹಿಡ್ಕೊಂಡು ನಿಂತಿದ್ದೆ. ಅಪ್ಪ ನನ್ನ ನೋಡಿಬಿಟ್ರು." ಮತ್ತೆ ಓಟ. ಆ ಮೂರನೆಯ ಓಟ ಅಂದಿನವರೆಗಿನ ಎಲ್ಲ ಓಟಕ್ಕಿಂತ ಜೋರಾಗಿತ್ತು. ಗಡಿಯಾರ ನಿಲ್ಲಿಸಿದ್ದು ನನಗೆ ನೆನಪಿದೆ. ಅಂಕಿ ನೋಡಿದ್ದು ಮಾತ್ರ ಆಮೇಲೆ.

"ಬೈದಾದ್ಮೇಲೆ ಅಪ್ಪ ಅವನಿಗೆ ಸಲ್ಯೂಟ್ ಹೊಡೆದು ಹೊರಗೆ ಬಂದ್ರು. ಬುತ್ತಿ ಈಸ್ಕೊಂಡ್ರು. 'ನೀನು ಮೇಜಿನ್ ಆ ಕಡೆ ಕೂತ್ಕಬೇಕು ಕಣ್ಲಾ' ಅಂದ್ರು. ಅಷ್ಟೇ. ಅವತ್ತಿಂದ ಇವತ್ತಿನವರೆಗೂ ತಿರ್ಗಿ ಆ ಮಾತು ಎತ್ತಿಲ್ಲ. ಎರಡು ಸಲ ಫೇಲಾಗಿ ಬಂದಾಗ್ಲೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ನಾಲ್ಕನೆಯ ಓಟಕ್ಕೆ ಇವರು ಹೊರಟಾಗ ನನಗೆ ಹಿಂದಿನಿಂದ ಕೂಗಿ ಏನಾದರೂ ಹೇಳಬೇಕೆನ್ನಿಸಿತು. ಗುಂಡಿ ಒತ್ತಿದೆ.

ದಿನ ಕಳೆದಂತೆ ಅಂಕಿಗಳು ಇಳಿಯುತ್ತ ಬಂದವು. ನನ್ನ ಲೆಕ್ಕದ ಪ್ರಕಾರ ಇವರು ಮೈಲಿಯನ್ನು ಆರು ಮುಕ್ಕಾಲು ನಿಮಿಷದಲ್ಲಿ ಮುಗಿಸುವುದು ಖಂಡಿತ. ಸಂಜೆ ಮಾವನ ಮುಂದೆ ದಿನದ ಅಂದಾಜನ್ನು ಒಪ್ಪಿಸುವಾಗ ನನ್ನ ದನಿಯಲ್ಲಿ ಒಂದು ಗತ್ತು ಬಂದಿತ್ತು. ಮಾವ ತಲೆಯಾಡಿಸುತ್ತಿದ್ದರು. ಅತ್ತೆಯೂ ಮೊಟ್ಟೆಯ ಜೊತೆ ಒಂದು ಲೋಟ ಹಾಲು ಸೇರಿಸಿದರು, ಅದೂ ನನ್ನ ಕೈಗೇ ಕೊಟ್ಟು.

ಪರೀಕ್ಷೆಗೆ ಒಂದು ತಿಂಗಳಿರುವಾಗ ಚಿಕ್ಕಣ್ಣ ಮೇಷ್ಟ್ರು, "ಒಂದ್ಸಲ ನಮ್ ಗ್ರೌಂಡಲ್ಲಿ ಪೂರ್ತಿ ಮೈಲಿ ಓಡ್ಸಿ ನೋಡಣ" ಎಂದರು. ಭಾನುವಾರ ಸುಣ್ಣದ ಗೆರೆ ಎಳೆದು ಓಡಿಸಿದರು. ಮೊದಲ ಎರಡು ಸುತ್ತು ಚಿಗರೆಯ ಹಾಗೆ ಓಡಿದ ಇವರು ಮೂರನೆಯ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡರು. ನಾಲ್ಕನೆಯ ಸುತ್ತನ್ನು ಓಟ ಎನ್ನುವುದೂ ಕಷ್ಟ. ಮುಟ್ಟಿದಾಗ ಏಳೂವರೆ ನಿಮಿಷ ಆಗುತ್ತ ಬಂದಿತ್ತು. ಇವರು ಗೆರೆಯಾಚೆ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡು ಆಕಾಶ ನೋಡುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

ಮೇಷ್ಟ್ರು ನನ್ನ ಅಂಕಿಗಳನ್ನೆಲ್ಲ ಕೇಳಿದರು. ಗುಣಾಕಾರ ಸರಿಯಿತ್ತು. ಕೂಡಿದ್ದೂ ಸರಿಯಿತ್ತು. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು ಕೇಳಿದರು. "ಮೇಡಂ, ನಡುವೆ ಬಿಡುವು ಎಷ್ಟು ಕೊಡ್ತಿದ್ರಿ?"

ಓಟಕ್ಕೆ ಗುಂಡಿ ಒತ್ತುತ್ತಿದ್ದೆನೇ ಹೊರತು, ಬಿಡುವಿಗೂ ಗಡಿಯಾರ ನೋಡಬೇಕು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಬುತ್ತಿಯ ಕಥೆ ಹೇಳಿದ ದಿನ ಒಂದೊಂದು ಬಿಡುವೂ ಐದಾರು ನಿಮಿಷ ಆಗಿದ್ದಿರಬೇಕು. ಉಪ್ಪಿಟ್ಟಿನ ದಿನ ಹತ್ತಾಗಿದ್ದರೂ ಆಶ್ಚರ್ಯವಿಲ್ಲ.

"ಒಂದೂವರೆ ನಿಮಿಷಕ್ಕಿಂತ... ಸ್ವಲ್ಪ ಜಾಸ್ತಿ ಆಗ್ತಿತ್ತು ಸಾರ್."

"ಸ್ವಲ್ಪ ಅಂದ್ರೆ?"

ಹುಲ್ಲಿನ ಮೇಲೆ ಮಲಗಿದ್ದ ಇವರು ಕೆಮ್ಮಿದರು. ಥೇಟ್ ಮಾವನ ಕೆಮ್ಮೇ. ಚಿಕ್ಕಣ್ಣ ಮೇಷ್ಟ್ರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ನಗು ನುಂಗಿಕೊಂಡು, "ಬಿಡುವು ಜಾಸ್ತಿ ಕೊಟ್ರೆ ಯಾರ್ ಬೇಕಾದ್ರೂ ಜೋರಾಗ್ ಓಡ್ತಾರೆ ಮೇಡಂ. ಓಟದ್ ದಿನ ಬಿಡುವು ಕೊಡಲ್ಲ" ಎಂದು ಸುಣ್ಣದ ಡಬ್ಬ ಎತ್ತಿಕೊಂಡು ಹೋದರು.

ಮಾರನೆಯ ದಿನದಿಂದ ಕಟ್ಟುನಿಟ್ಟು. ಕೈಗಡಿಯಾರದಲ್ಲಿ ಒಂದೂವರೆ ನಿಮಿಷ ನೋಡಿ, "ಹೊರಡಿ" ಎನ್ನುತ್ತಿದ್ದೆ. ಅಂಕಿಗಳು ಕೂಡಲೇ ಕೆಟ್ಟವು. ಅಂದಾಜು ಏಳೂಕಾಲಿಗೆ ಏರಿತು. ಮಾವನಿಗೆ ಅದನ್ನು ಹೇಳಿದಾಗ ಅವರು, "ನಿನ್ನೆ ಮೊನ್ನೆ ಚೆನ್ನಾಗಿತ್ತಲ್ಲವ್ವ?" ಎಂದಷ್ಟೇ ಕೇಳಿ ಎದ್ದು ಹೋದರು. ಅತ್ತೆ ನೇರವಾಗಿ ಹೇಳಿದರು. "ದನ ಅಟ್ಟಿದಂಗೆ ಅಟ್ಟಿದ್ರೆ ಮನ್ಸ ಓಡಾನಾ? ಸಣ್ಣಗಾಗೋಗವ್ನೆ ನನ್ ಮಗ."

ಒಂದೂವರೆ ನಿಮಿಷದಲ್ಲಿ ಅರ್ಧ ಉಸಿರಿಗೇ ಹೋಗುತ್ತಿತ್ತು. ಉಳಿದದ್ದರಲ್ಲಿ ಒಂದು ವಾಕ್ಯಕ್ಕೆ ಜಾಗ. ಹಾಗಾಗಿ ನಾವು ಒಂದೊಂದೇ ವಾಕ್ಯ ಆಡುವುದನ್ನು ಕಲಿತೆವು. ಇವರು ಒಂದು ಹೇಳಿ ಓಡುವುದು, ಬಂದ ಮೇಲೆ ನಾನು ಒಂದು ಹೇಳುವುದು. ಒಂದು ದಿನ ನಾನು ಕೇಳಿದೆ. "ಈ ಸಲಾನೂ ಆಗ್ಲಿಲ್ಲ ಅಂದ್ರೆ?" ಇವರು ಓಡಿ ಬಂದರು, ಉಸಿರು ತೆಗೆದುಕೊಂಡರು. "ನಂಗೇನಾಗಲ್ಲ. ಅಪ್ಪನ ಮುಖ ನೋಡೋದು ಹೆಂಗೆ ಅಂತ" ಎಂದರು. ಇನ್ನೊಂದು ಓಟ. "ನಾನಿರ್ತೀನಲ್ಲ" ಎಂದೆ. ಇವರು ನಾಲ್ಕನೆಯ ಓಟಕ್ಕೆ ಹೊರಟರು. ಆ ದಿನದ ಮೂರು ಬಿಡುವಿನ ಮಾತುಕತೆ ಇಷ್ಟೇ.

ತಿಂಗಳ ಕೊನೆಗೆ ಅಂಕಿಗಳು ನಿಧಾನವಾಗಿ ಇಳಿದವು. ಕೊನೆಯ ಅಭ್ಯಾಸದ ದಿನ ನಾಲ್ಕೂ ಓಟ ಒಂದು ನಿಮಿಷ ನಲವತ್ತು ಸೆಕೆಂಡಿನ ಆಸುಪಾಸಿನಲ್ಲಿ ಬಂದವು.

"ನಂದು ಎಷ್ಟು ಬರುತ್ತೆ?" ಎಂದು ಕೇಳಿದರು.

"ಆರು ನಿಮಿಷ ಐವತ್ತೈದು."

"ಐದೇ ಸೆಕೆಂಡ್ ಉಳಿಯುತ್ತಾ?"

"ಐದೇ."

ಇನ್ನೂ ಹತ್ತು ಸೆಕೆಂಡು ಇಳಿಸಿ ಹೇಳಿ ಧೈರ್ಯ ಕೊಡಬಹುದಿತ್ತು. ಕೊಡಲಿಲ್ಲ. ಇವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ಸಾಕು ಬಿಡು" ಎಂದರು.

ಪರೀಕ್ಷೆ ಹಾಸನದಲ್ಲಿ. ಮೊದಲ ಬಸ್ಸಿಗೆ ಮೂವರೂ ಹೊರಟೆವು. ಮಾವ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ, ಮಂಡಿಗೆ ಪಟ್ಟಿ ಸುತ್ತಿಕೊಂಡು, ಮಗನ ಬೂಟಿನ ಚೀಲವನ್ನು ತಾವೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮೈದಾನದೊಳಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಗೇಟಿನಲ್ಲಿದ್ದವನು ಮಾವನ ಹಳೆಯ ಪರಿಚಯದವನಾಗಿದ್ದರಿಂದ ಅವರೊಬ್ಬರಿಗೆ ಒಳಗೆ ಮರದ ಕೆಳಗೆ ನಿಲ್ಲಲು ಒಪ್ಪಿದ. ನಾನು ರಸ್ತೆಗೆ ಬಂದು, ಕಾಂಪೌಂಡ್ ಗೋಡೆ ಕುಸಿದಿದ್ದ ಒಂದು ಕಡೆ ಮೋರಿಯ ಕಟ್ಟೆಯ ಮೇಲೆ ಹತ್ತಿ ನಿಂತೆ. ಅಲ್ಲಿಂದ ಟ್ರ್ಯಾಕಿನ ಒಂದು ಮೂಲೆ ಕಾಣುತ್ತಿತ್ತು.

ಸೀಟಿಯ ಸದ್ದು ಕೇಳಿ ಗುಂಡಿ ಒತ್ತಿದೆ. ಮೊದಲ ಸುತ್ತಿನಲ್ಲಿ ಇವರು ಗುಂಪಿನ ಹಿಂದೆ ಇದ್ದರು. ಎರಡನೆಯದರಲ್ಲೂ ಹಿಂದೆಯೇ. ಆದರೆ ಎರಡು ಸುತ್ತೂ ಹೆಚ್ಚುಕಡಿಮೆ ಒಂದೇ ಸಮ ಬಂದಿವೆ ಎಂದು ಗಡಿಯಾರ ಹೇಳಿತು. ಮೂರನೆಯ ಸುತ್ತಿನಲ್ಲಿ ಮುಂದಿದ್ದವರು ಒಬ್ಬೊಬ್ಬರಾಗಿ ಹೊಟ್ಟೆ ಹಿಡಿದುಕೊಂಡು ಹಿಂದೆ ಬೀಳತೊಡಗಿದರು. ಇವರು ಬೀಳಲಿಲ್ಲ. ಬಾಯಿ ತೆರೆದು, ತಲೆ ಒಂದು ಕಡೆ ವಾಲಿಸಿಕೊಂಡು, ನಾಲೆ ಏರಿಯಲ್ಲಿ ಓಡುತ್ತಿದ್ದ ಹಾಗೆಯೇ ಓಡಿ ನನ್ನ ಮೂಲೆ ದಾಟಿದರು. ಕೊನೆಯ ಸುತ್ತಿನಲ್ಲಿ ಕಾಣಿಸಿದಾಗ ನಾನು, ಒಬ್ಬ ಪ್ರೌಢಶಾಲೆಯ ಶಿಕ್ಷಕಿ, ಹಾಸನದ ನಡುರಸ್ತೆಯ ಮೋರಿಯ ಮೇಲೆ ನಿಂತು ಗಂಡನ ಹೆಸರು ಹಿಡಿದು ಕೂಗಿದೆ. ಸೈಕಲ್ಲಿನವನೊಬ್ಬ ಇಳಿದು ನಿಂತು ನೋಡಿದ.

ಹತ್ತು ನಿಮಿಷದ ಮೇಲೆ ಮಾವ ಗೇಟಿನಿಂದ ಹೊರಗೆ ಬಂದರು. ಕುಂಟುತ್ತ ನನ್ನ ಹತ್ತಿರಕ್ಕೆ ಬಂದು ನಿಂತರು. "ಪಾಸ್ ಕಣವ್ವ" ಎಂದರು. ಇವರು ಹಿಂದಿನಿಂದ ಬಂದು ಮೋರಿಯ ಅಂಚಿನಲ್ಲಿ ಬಗ್ಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಕೇಳಿದರು.

"ಎಷ್ಟಾಯ್ತು?"

ಒಳಗೆ ಪಾಸು, ಫೇಲು ಅಷ್ಟೇ ಕೂಗಿದ್ದರಂತೆ. ನಾನು ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದೆ. ಮುಳ್ಳು ಇನ್ನೂ ಓಡುತ್ತಲೇ ಇತ್ತು. ಅಷ್ಟು ತಿಂಗಳು ಸೆಕೆಂಡು ಸೆಕೆಂಡು ಹಿಡಿದವಳು ಆ ಒಂದು ದಿನ ಗುಂಡಿ ಒತ್ತುವುದನ್ನೇ ಮರೆತಿದ್ದೆ. ಗಡಿಯಾರದ ಪ್ರಕಾರ ಇವರು ಮೈಲಿಯನ್ನು ಹದಿನೇಳು ನಿಮಿಷದಿಂದ ಓಡುತ್ತಿದ್ದರು. ಮಾವ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಬರವಣಿಗೆಯ ಪರೀಕ್ಷೆಯಲ್ಲಿ ಇವರು ಆಯ್ಕೆಯಾಗಲಿಲ್ಲ. ಕೈಕೊಟ್ಟದ್ದು ಲೆಕ್ಕದ ಪ್ರಶ್ನೆಗಳು. ಮನೆಯಲ್ಲೇ ಗಣಿತದ ಮೇಷ್ಟ್ರಮ್ಮ ಇದ್ದಾಳೆ, ಗಂಡನಿಗೆ ಸರಾಸರಿ ಮಾಡುವುದನ್ನು ಹೇಳಿಕೊಡುವ ಬದಲು ಗಂಡನ ಸರಾಸರಿ ತೆಗೆಯುತ್ತ ಕೂತಿದ್ದಾಳೆ. ಸ್ಟಾಫ್ ರೂಮಿನಲ್ಲಿ ಇದನ್ನು ವರ್ಷಗಟ್ಟಲೆ ಆಡಿಕೊಂಡರು. ಫಲಿತಾಂಶ ಬಂದ ದಿನ ನಾನು ಅತ್ತುಬಿಟ್ಟೆ. ಇವರು ಅಳಲಿಲ್ಲ. ನಡುಮನೆಗೆ ಹೋಗಿ ಮಾವನ ಎದುರು ನಿಂತು, "ಆಗ್ಲಿಲ್ಲ ಅಪ್ಪ" ಎಂದರು.

ಮಾವ ತಲೆಯೆತ್ತಿ ಮಗನನ್ನು ನೋಡಿದರು. ಆಮೇಲೆ ಹೇಳಿದರು. "ಮೂರ್ನೇ ಸುತ್ತಲ್ಲಿ ಎಲ್ರೂ ಬಿದ್ದೋದ್ರು. ನೀನು ಬೀಳ್ನಿಲ್ಲ. ನಾನ್ ನೋಡ್ದೆ ಕಣ್ಲಾ."

ಆ ವಾರವೇ ಟೀ ಅಂಗಡಿಯಲ್ಲಿ ಅವರು ಯಾರಿಗೋ ಮಗನ ಓಟದ ಕಥೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಆರೂವರೆ ನಿಮಿಷ ಎಂದರು. ನಾದಿನಿಯ ಮದುವೆಯಲ್ಲಿ, ಅರಕಲಗೂಡಿನಿಂದ ಬಂದ ಬೀಗರಿಗೆ ಹೇಳುವಾಗ ಅದು ಆರು ನಿಮಿಷವಾಗಿತ್ತು. ಸಿಂಚನ ಹುಟ್ಟಿದ ವರ್ಷ ಐದೂಮುಕ್ಕಾಲು. ಓಟದಲ್ಲಿದ್ದವರ ಸಂಖ್ಯೆಯೂ ಕೆಳಗೆ ಬಿದ್ದವರ ಸಂಖ್ಯೆಯೂ ಸಮನಾಗಿ ಏರುತ್ತಿದ್ದವು. ಮೊದಮೊದಲು ಇವರು ಮುಜುಗರದಿಂದ, "ಅಷ್ಟಿಲ್ಲ ಬಿಡಪ್ಪ" ಎನ್ನುತ್ತಿದ್ದರು. ಆಮೇಲೆ ಬಿಟ್ಟರು. ಹೀಗೆ ಇಳಿಯುವ ಅಂಕಿಗೆ ನನ್ನಲ್ಲಿ ಯಾವ ಸೂತ್ರವೂ ಇರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಇವರೂ ಅಲ್ಲಿಯ ಸೊಸೈಟಿಗೆ ಬಂದರು. ಅತ್ತೆ ಮಾವ ನಮ್ಮ ಜೊತೆಗೇ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವನು ಒಬ್ಬ ಸಬ್ ಇನ್ಸ್‌ಪೆಕ್ಟರ್. ಆಗಷ್ಟೇ ತರಬೇತಿ ಮುಗಿಸಿದ ಹುಡುಗ, ಮೀಸೆ ಕೂಡ ಸರಿಯಾಗಿ ಕೂತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವನು ಬೈಕು ತೊಳೆಯುತ್ತಿದ್ದ. ಇವರು ಗಿಡಗಳಿಗೆ ನೀರು ಹಾಕುತ್ತಿದ್ದರು. ನಾನು ಸೊಪ್ಪು ಬಿಡಿಸುತ್ತ ಮೆಟ್ಟಿಲ ಮೇಲೆ ಕೂತಿದ್ದೆ. ಮಾವ ಕೋಲೂರಿಕೊಂಡು ಗೇಟಿನವರೆಗೆ ಹೋದರು.

"ನೀವೂ ಮೈಲಿ ಓಡಿದ್ರಾ ಸಾ?" ಎಂದು ಕೇಳಿದರು.

"ಓಡ್ದೆ ಯಜಮಾನ್ರೆ. ಅದಿಲ್ದೆ ಎಲ್ಲಿ ಬಿಡ್ತಾರೆ?"

"ನಮ್ಮುಡ್ಗಾನೂ ಓಡಿದ್ದ. ಐದೇ ನಿಮಿಷ. ಬೇಕಾದ್ರೆ ನಮ್ ಸೊಸೇನ ಕೇಳಿ. ಗಡಿಯಾರ ಇಡಿದಿದ್ದು ಅವ್ಳೇ."

ಒಂದು ಮೈಲಿಯನ್ನು ಐದು ನಿಮಿಷದಲ್ಲಿ ಓಡುವುದೆಂದರೆ ಏನು ಎನ್ನುವುದು, ಅದನ್ನು ಓಡಿ ಬಂದ ಆ ಹುಡುಗನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಹಿಡಿದು ಅವನು ನನ್ನ ಕಡೆ ನೋಡಿದ. ಇವರು ಗಿಡದ ಬುಡ ಬಿಟ್ಟು ತಲೆಯೆತ್ತಲಿಲ್ಲ.

"ಹೌದು" ಎಂದೆ. "ಐದೇ ನಿಮಿಷ."

ಅವನು ಬಟ್ಟೆಯನ್ನು ಬೈಕಿನ ಸೀಟಿನ ಮೇಲೆ ಹಾಕಿದ. ಒಳ್ಳೆಯ ಹುಡುಗ. "ನಂಗೆ ಏಳು ನಿಮಿಷಕ್ಕೆ ಮುಟ್ಟೋ ಅಷ್ಟರಲ್ಲಿ ಪ್ರಾಣ ಹೋಗಿತ್ತು ಯಜಮಾನ್ರೆ" ಎಂದ.

ಮಾವ ಗೇಟಿನ ಮೇಲಿಂದ ಕೈ ಚಾಚಿ ಆ ಸಬ್ ಇನ್ಸ್‌ಪೆಕ್ಟರನ ಹೆಗಲು ತಟ್ಟಿದರು.

"ಓಗ್ಲಿ ಬುಡಿ ಸಾ" ಎಂದರು. "ಎಲ್ರ ಕೈಲೂ ಆಗಲ್ಲ ಅದು."